ಎಷ್ಟು ಜನ ಅನ್ನೋದು ಆಮೇಲಿನ ಮಾತು

ರಾಯಚೂರು

ಚಿ. ಅಂಬಿಕಾಗೆ ಕಾಕಾನ ಆಶೀರ್ವಾದಗಳು.

ನಿನ್ನ ಪ್ರಾಜೆಕ್ಟ್ ಓದಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ರೈತರು ಎಕರೆಗೆ ಎಷ್ಟು ಚೀಲ ಭತ್ತ ಬೆಳೆಯುತ್ತಾರೆ ಅನ್ನೋದು ಒಳ್ಳೆ ವಿಷಯ. ಗೂಗಲ್ ಫಾರ್ಮ್‌ಗೆ ಇನ್ನೂರು ಉತ್ತರ ಬಂದಿವೆ, ಸಾವಿರ ಆದರೆ ಸಾಕಾ ಅಂತ ಕೇಳಿದ್ದೀಯ. ಈ ದಾರಿಯಲ್ಲಿ ಹತ್ತು ಸಾವಿರ ಬಂದರೂ ಸಾಲದು. ಫಾರ್ಮ್ ಹೋಗಿದ್ದು ನಿನ್ನ ಗೆಳತಿಯರ ವಾಟ್ಸಾಪ್ ಗುಂಪಿಗೆ, ಅಲ್ಲಿಂದ ಅವರ ಅಪ್ಪ, ಮಾವಂದಿರಿಗೆ. ಹೆಸರು ನೋಡಿದರೆ ಹೆಚ್ಚಿನವರು ಕಾರಟಗಿ, ಸಿಂಧನೂರು ಕಡೆಯವರು. ನೀರು ಮೊದಲು ಮುಟ್ಟೋದು ಅವರಿಗೆ. ಸಿರವಾರದ ಆಚೆ, ಕಾಲುವೆಯ ಕೊನೆಯಲ್ಲಿ ಲೀಜಿಗೆ ಹೊಲ ಮಾಡುವವನು ಇದರಲ್ಲಿ ಎಲ್ಲಿದ್ದಾನೆ? ಅವನನ್ನು ಬಿಟ್ಟು ಎಷ್ಟು ಜನರನ್ನು ಸೇರಿಸಿದರೂ ತಪ್ಪು ಉತ್ತರದ ಮೇಲೆ ನಂಬಿಕೆ ಹೆಚ್ಚುತ್ತದೆ ಅಷ್ಟೇ.

ನಾನು ಗ್ರಾಮ ಲೆಕ್ಕಿಗನಾಗಿದ್ದಾಗ ಇಳುವರಿ ಅಂದಾಜು ಮಾಡುವ ಬೆಳೆ ಕಟಾವು ಪ್ರಯೋಗಕ್ಕೆ ಹೋಗುತ್ತಿದ್ದೆನಲ್ಲ, ನಿನಗೆ ಸ್ಯಾಂಪಲಿಂಗ್, ಅಂದರೆ ಕೆಲವನ್ನು ಎತ್ತಿ ನೋಡಿ ಎಲ್ಲದರ ಅಂದಾಜು ಮಾಡೋದು, ಅರ್ಥವಾಗಲು ಅದೇ ಸಾಕು. ಯಾವ ಸರ್ವೆ ನಂಬರ್ ಅನ್ನೋದು ರ‍್ಯಾಂಡಮ್ ಸಂಖ್ಯೆಯಿಂದ, ಅಂದರೆ ಚೀಟಿ ಎತ್ತಿದ ಹಾಗೆ ಯಾರ ಆಯ್ಕೆಯೂ ಇಲ್ಲದೆ ಬರುತ್ತಿತ್ತು. ಹೊಲಕ್ಕೆ ಹೋದ ಮೇಲೂ ನಮ್ಮ ಇಷ್ಟ ನಡೆಯದು. ನೈರುತ್ಯ ಮೂಲೆಯಲ್ಲಿ ನಿಲ್ಲಬೇಕು. ಉದ್ದಕ್ಕೆ ಇಷ್ಟು, ಅಗಲಕ್ಕೆ ಇಷ್ಟು ಹೆಜ್ಜೆ ಅಂತ ಮತ್ತೆ ರ‍್ಯಾಂಡಮ್ ಸಂಖ್ಯೆ. ಅಲ್ಲಿ ಗೂಟ ಹೊಡೆದು ಹಗ್ಗ ಹಿಡಿದು 5 ಮೀಟರ್‌ಗೆ 5 ಮೀಟರ್ ಚೌಕ ಮಾಡಿ ಕೊಯ್ದು, ಬಡಿದು, ತೂಗಬೇಕು. ಆ ಚೌಕ ಹೆಕ್ಟೇರಿನ 400ರಲ್ಲಿ ಒಂದು ಪಾಲು. ತೂಕದಲ್ಲಿ 100 ಗ್ರಾಂ ತಪ್ಪಿದರೆ ಹೆಕ್ಟೇರಿಗೆ 40 ಕೆ.ಜಿ. ತಪ್ಪುತ್ತದೆ!

ಬೆಳೆ ವಿಮೆ ನಿಂತಿರೋದು ಈ ತೂಕದ ಮೇಲೆ. ಹಾಗಾಗಿ ರೈತ "ಸಾಹೇಬ್ರೇ, ಆ ಕಡೆ ಕೊಯ್ಯಿರಿ" ಅಂತ ಪೈರು ಸೊರಗಿದ ಕಡೆ ಕೈ ತೋರಿಸುತ್ತಾನೆ. ವಿಮೆಯವರ ಕಣ್ಣು ದಟ್ಟ ಪೈರಿನ ಮೇಲೆ. ಇಬ್ಬರ ಮೇಲೂ ನನಗೆ ಸಿಟ್ಟಿಲ್ಲ, ಅವರವರ ಕಷ್ಟ ಅವರಿಗೆ. ಆದರೆ ಹೆಜ್ಜೆ ಲೆಕ್ಕ ಇಬ್ಬರ ಮಾತನ್ನೂ ಕೇಳುವುದಿಲ್ಲ. ರ‍್ಯಾಂಡಮ್ ಅಂದರೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರನ್ನು ಕೇಳೋದು ಅಂತ ನಿಮ್ಮ ಕಾಲೇಜಿನ ಹುಡುಗರು ತಿಳಿದಿದ್ದಾರೆ. ಅದು ಸುಮ್ನೆ ಸುಲಭದ ದಾರಿ.

ನೀನು ಹೀಗೆ ಮಾಡು. ಕಾಲುವೆಯನ್ನು ಮೇಲ್ಭಾಗ, ನಡು, ಕೊನೆಭಾಗ ಅಂತ ಮೂರು ಪಾಲು ಮಾಡು. ಪ್ರತಿ ಪಾಲಿನಲ್ಲೂ ನೀರು ಬಳಕೆದಾರರ ಸಂಘಗಳ ಸದಸ್ಯರ ಪಟ್ಟಿ ಹಿಡಿದು, ಅದರಿಂದ ರ‍್ಯಾಂಡಮ್ ಸಂಖ್ಯೆಯಲ್ಲಿ ಹೆಸರು ಎತ್ತು. ಪಟ್ಟಿಯಲ್ಲಿ ಇರೋದು ಹೊಲದ ಯಜಮಾನನ ಹೆಸರು. ಲೀಜಿಗೆ ಮಾಡುವವನು ಬೇರೆ ಇದ್ದರೆ ಅವನನ್ನು ಹುಡುಕಿ ಕೇಳು. ಮನೆಗೆ ಬೀಗ ಇದ್ದರೆ ಪಕ್ಕದ ಮನೆಗೆ ನುಗ್ಗಬೇಡ, ಇನ್ನೊಂದು ದಿನ ಹೋಗು. ನಾಟಿ ಕಾಲದಲ್ಲಿ ಮನೆಯಲ್ಲಿ ಕೂತಿರುವವನೇ ಬೇರೆ ಥರದ ರೈತ, ಅಲ್ವಾ?

ಇನ್ನು ಸರಾಸರಿ. ಅಂಕಿ ಕೈಗೆ ಬಂದ ತಕ್ಷಣ ಎಕ್ಸೆಲ್‌ನಲ್ಲಿ ಸರಾಸರಿ ತೆಗೆಯಬೇಡ, ಮೊದಲು ಹಿಸ್ಟೋಗ್ರಾಂ ಹಾಕು, ಅಂದರೆ ಎಷ್ಟು ಚೀಲಕ್ಕೆ ಎಷ್ಟು ರೈತರು ಅಂತ ತೋರಿಸುವ ಕಂಬದ ಚಿತ್ರ. ಮೇಲ್ಭಾಗದವರಿಗೆ 40 ಚೀಲದ ಆಸುಪಾಸು, ಕೊನೆಯವರಿಗೆ 20ರ ಆಸುಪಾಸು ಬಂತು ಅಂದುಕೋ. ಎರಡೂ ಕಡೆ ಅಷ್ಟಷ್ಟೇ ಜನ ಇದ್ದರೆ ಸರಾಸರಿ 30. ಆ 30 ಚೀಲ ಬೆಳೆದ ರೈತ ಯಾರೂ ಇಲ್ಲ! ಚಿತ್ರದಲ್ಲಿ ಎರಡು ಗುಡ್ಡ ಕಾಣುತ್ತವೆ, ನಡುವೆ ತಗ್ಗು. ನಿಮ್ಮ ಪುಸ್ತಕದ ಗಂಟೆಯಾಕಾರದ ನಾರ್ಮಲ್ ಕರ್ವ್ ಎಲ್ಲಾ ಕಡೆ ಸಿಗುತ್ತದೆ ಅಂದುಕೊಳ್ಳಬೇಡ. ಎರಡು ಗುಡ್ಡ ಕಂಡರೆ ಎರಡು ಸರಾಸರಿ ಬರೆ. ನಿನ್ನ ವರದಿಯಲ್ಲಿ ಓದುವಂಥ ಸುದ್ದಿ ಅದೇ.

ಜಮೀನಿನ ಲೆಕ್ಕ ಇನ್ನೊಂದು ಥರ ವಾಲುತ್ತದೆ. ಒಂಬತ್ತು ಮನೆಗೆ 3 ಎಕರೆ, ಒಂದು ಮನೆಗೆ 60 ಎಕರೆ ಇದ್ದರೆ ಸರಾಸರಿ 8.7 ಎಕರೆ, ಮಧ್ಯಾಂಕ (ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿಟ್ಟರೆ ನಡುವೆ ಬರುವ ಅಂಕಿ) 3. ಇಲ್ಲಿ ಮಧ್ಯಾಂಕವನ್ನೇ ನಂಬು.

ಸ್ಯಾಂಪಲ್ ಸರಿಯಾದ ಮೇಲೆ ಎಷ್ಟು ಜನ ಅನ್ನೋ ಪ್ರಶ್ನೆ. ಅಂದಾಜಿನ ತಪ್ಪು ಅರ್ಧಕ್ಕಿಳಿಯಬೇಕಾದರೆ ನಾಲ್ಕು ಪಟ್ಟು ಜನ ಬೇಕು. ನಿನ್ನ ಬಸ್ ಖರ್ಚು ನೋಡಿಕೊಂಡು ನಿರ್ಧಾರ ಮಾಡು.

ಮಹಲನೋಬಿಸ್ ಹೆಸರು ಪಾಠದಲ್ಲಿ ಬಂದಿರಬೇಕು. 1931ರಲ್ಲಿ ಕೋಲ್ಕತ್ತದಲ್ಲಿ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಕಟ್ಟಿದವರು, ಬಂಗಾಳದ ಸೆಣಬಿನ ಬೆಳೆಯನ್ನು ಸ್ಯಾಂಪಲ್‌ನಿಂದ ಅಂದಾಜು ಮಾಡಿ ತೋರಿಸಿದವರು. ಅವರದೊಂದು ಉಪಾಯ ನನಗೆ ಬಹಳ ಇಷ್ಟ. ಒಂದೇ ಪ್ರದೇಶಕ್ಕೆ ಎರಡು ಬೇರೆ ಸ್ಯಾಂಪಲ್ ಎತ್ತಿ, ಎರಡು ತಂಡ ಕಳಿಸಬೇಕು. ಉತ್ತರ ಹತ್ತಿರ ಬಂದರೆ ಸರಿ. ತೀರಾ ದೂರ ಹೋದರೆ ಕೇಳುವವರಲ್ಲೇ ಎಡವಟ್ಟು ಇರಬಹುದು. ಒಂದು ಸ್ಯಾಂಪಲ್ ನೀನು, ಇನ್ನೊಂದು ನಿನ್ನ ಗೆಳತಿ ಮಾಡಿ ನೋಡಿ. ಕೆಲಸ ಮುಗಿಯುವ ತನಕ ಇಬ್ಬರೂ ಅಂಕಿ ತೋರಿಸಿಕೊಳ್ಳಬೇಡಿ.

ಚೀಲ ಅಂದರೆ ಎಷ್ಟು ಕೆ.ಜಿ. ಅಂತ ಪ್ರತಿ ಮನೆಯಲ್ಲೂ ಕೇಳಿ ಬರೆದುಕೋ. ನಮ್ಮ ಕಡೆ 75 ಕೆ.ಜಿ. ಚೀಲ ರೂಢಿ, ಆದರೆ ಎಲ್ಲರೂ ಅದನ್ನೇ ಹೇಳುತ್ತಾರೆ ಅಂತ ಇಲ್ಲ. ಪ್ರಶ್ನೆಗಳ ಕರಡು ಕಳಿಸು, ನೋಡಿ ಹೇಳುತ್ತೇನೆ.

ನಿನ್ನ ಕಾಕಾ