ಕೋಡಿಂಗ್ ಸ್ಪರ್ಧೆಯ ರ‍್ಯಾಂಕ್ ಪಟ್ಟಿ ಸರಿಪಡಿಸಿಕೊಡುವಂತೆ ದೂರು

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ಇವರಿಂದ,
ಸಂಚಾಲಕರು,
ವಿದ್ಯಾರ್ಥಿ ಪ್ರೋಗ್ರಾಮಿಂಗ್ ಕ್ಲಬ್

ವಿಷಯ: ನಮ್ಮ ಕ್ಯಾಂಪಸ್ ಸ್ಪರ್ಧೆಯಲ್ಲಿ ನಿಮ್ಮ ಸರ್ವರ್ ಕೈಕೊಟ್ಟಿದ್ದು ಮತ್ತು ತಪ್ಪು ಪೆನಾಲ್ಟಿ ಲೆಕ್ಕದ ಕುರಿತು.

ಮಾನ್ಯರೇ,

ವಿಶ್ವವಿದ್ಯಾಲಯದ ಕ್ಯಾಂಪಸ್‌ನಲ್ಲಿ ನಾವು ನಡೆಸಿದ ಕೋಡಿಂಗ್ ಸ್ಪರ್ಧೆಗೆ ಹಣ ಕಟ್ಟಿ ನಿಮ್ಮ ವೇದಿಕೆ ಪಡೆದಿದ್ದೆವು. ನೀವು ಕಳಿಸಿರುವ ರ‍್ಯಾಂಕ್ ಪಟ್ಟಿಯನ್ನು ನಾವು ಒಪ್ಪುವುದಿಲ್ಲ.

ಸ್ಪರ್ಧೆ ಐಸಿಪಿಸಿ (ಕಾಲೇಜು ವಿದ್ಯಾರ್ಥಿಗಳ ಅಂತರರಾಷ್ಟ್ರೀಯ ಪ್ರೋಗ್ರಾಮಿಂಗ್ ಸ್ಪರ್ಧೆ) ಮಾದರಿಯದು: ಮೂವರ ತಂಡ, ಒಂದೇ ಕಂಪ್ಯೂಟರ್, 5 ಗಂಟೆ. ಬಿಡಿಸಿದ ಸಮಸ್ಯೆಗಳು ಸಮನಾದರೆ ಪೆನಾಲ್ಟಿ ಕಡಿಮೆ ಇರುವ ತಂಡ ಮೇಲೆ. ಪೆನಾಲ್ಟಿ ಎಂದರೆ, ಬಿಡಿಸಿದ ಪ್ರತಿ ಸಮಸ್ಯೆಗೆ ಸರಿಯುತ್ತರ ಸಲ್ಲಿಸಿದ ಹೊತ್ತಿಗೆ ಎಷ್ಟು ನಿಮಿಷ ಕಳೆದಿತ್ತೋ ಅಷ್ಟು, ಜೊತೆಗೆ ಅದಕ್ಕೆ ಮುಂಚಿನ ಪ್ರತಿ ತಪ್ಪು ಸಲ್ಲಿಕೆಗೆ 20 ನಿಮಿಷ. ಲೆಕ್ಕಕ್ಕೆ ಬರಬೇಕಾದದ್ದು ವಿದ್ಯಾರ್ಥಿ ಸಬ್ಮಿಟ್ ಒತ್ತಿದ ಹೊತ್ತು. ನಿಮ್ಮ ವ್ಯವಸ್ಥೆ ಹಿಡಿದಿರುವುದು ಜಡ್ಜ್ (ಕೋಡ್ ಪರೀಕ್ಷಿಸುವ ತಂತ್ರಾಂಶ) ತೀರ್ಪು ಕೊಟ್ಟ ಹೊತ್ತನ್ನು. ತೀರ್ಪಿಗೆ ಕಾದಿರುವ ಸಲ್ಲಿಕೆಗಳ ಕ್ಯೂ ಸರಾಗವಾಗಿ ಸಾಗಿದ್ದರೆ ಇದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅಂದು ಕ್ಯೂ ಕಟ್ಟಿಕೊಂಡಿತ್ತು. ಗ್ರಾಫ್ ಸಮಸ್ಯೆಗೆ ಒಂದು ತಂಡ 112ನೇ ನಿಮಿಷದಲ್ಲಿ ಕೋಡ್ ಕಳಿಸಿದೆ. ಪರದೆಯ ಮೇಲೆ ‘ಇನ್ ಕ್ಯೂ’ ಎಂದೇ ನಿಂತಿತ್ತು. ‘ಆಕ್ಸೆಪ್ಟೆಡ್’ ಬಂದದ್ದು 149ರಲ್ಲಿ. ಪಟ್ಟಿಯಲ್ಲಿರುವುದೂ 149. ಆ 37 ನಿಮಿಷ ಮಕ್ಕಳು ಸೋಮಾರಿಗಳಾಗಿ ಕೂತಿದ್ದಲ್ಲ, ನಿಮ್ಮ ಸರ್ವರ್ ಕೂತಿದ್ದು.

ಇನ್ನೂ ಕೆಲವರಿಗೆ ಅದೇ ಹೊತ್ತಿನಲ್ಲಿ ‘ರನ್‌ಟೈಮ್ ಎರರ್’ (ಓಡುವಾಗ ಕೋಡ್ ಕೆಟ್ಟು ನಿಂತಿತೆಂಬ ತೀರ್ಪು) ಬಂದಿದೆ. ಒಂದು ಅಕ್ಷರವೂ ಬದಲಿಸದೆ ಅದೇ ಕೋಡ್ ಮತ್ತೆ ಕಳಿಸಿದಾಗ ಪಾಸಾಗಿದೆ. ಆದರೂ ಮೊದಲ ಸಲಕ್ಕೆ 20 ನಿಮಿಷದ ದಂಡ!

ಲಾಗಿನ್ ಗೋಳು ಬೇರೆ. ಲ್ಯಾಬಿನ ಎಲ್ಲ ಕಂಪ್ಯೂಟರ್‌ಗಳೂ ಹೊರಜಗತ್ತಿಗೆ ಒಂದೇ ಪಬ್ಲಿಕ್ ಐಪಿಯಾಗಿ (ಅಂತರ್ಜಾಲ ವಿಳಾಸವಾಗಿ) ಕಾಣುತ್ತವೆ. ಕಾಲೇಜುಗಳಲ್ಲಿ ಇದು ಮಾಮೂಲು. ಕಾಲೇಜುಗಳಿಗೇ ಸೇವೆ ಮಾರುವ ನಿಮಗೆ ಹೇಳಿಕೊಡಬೇಕಿಲ್ಲ. ಆದರೂ ಮುಂಚಿತವಾಗಿ ಆ ಐಪಿಯನ್ನು ಬರೆದು ತಿಳಿಸಿ, ಒಂದೇ ಐಪಿಯಿಂದ ಬರುವ ವಿನಂತಿಗಳ ಮಿತಿಯನ್ನು ಅದಕ್ಕೆ ಸಡಿಲಿಸಲು ಕೇಳಿದ್ದೆವು. “ನೋಡುತ್ತೇವೆ” ಎಂಬ ಉತ್ತರವೂ ಬಂತು. ಯಾರೂ ನೋಡಿದಂತಿಲ್ಲ. ಎಲ್ಲರೂ ಒಟ್ಟಿಗೆ ಲಾಗಿನ್ ಆಗುತ್ತಿದ್ದಂತೆ ಇಡೀ ಲ್ಯಾಬಿಗೆ 429 ಎಂಬ ಎರರ್ ಕೋಡ್ ಬಂತು.

ನಿಮ್ಮ ಸಹಾಯವಾಣಿಯವರು ಮಾತ್ರ “ನಿಮ್ಮ ಕಡೆಯ ನೆಟ್‌ವರ್ಕ್ ಸಮಸ್ಯೆ” ಎಂದು ಕೈ ತೊಳೆದುಕೊಂಡರು. 429 ಎಂದರೆ ವಿನಂತಿಗಳು ಮಿತಿ ಮೀರಿವೆ ಎಂದು ಸರ್ವರ್ ಕಡೆಯಿಂದ ಬರುವ ಉತ್ತರ. ನಮ್ಮ ನೆಟ್‌ವರ್ಕ್ ಸತ್ತಿದ್ದರೆ ಆ ಉತ್ತರ ನಮಗೆ ತಲುಪುವುದಾದರೂ ಹೇಗೆ? ಅದೇ ಕೋಣೆಯಲ್ಲಿ ಸ್ವಯಂಸೇವಕನೊಬ್ಬನ ಮೊಬೈಲ್ ಡೇಟಾದಲ್ಲಿ ಪುಟ ತಕ್ಷಣ ತೆರೆದುಕೊಂಡಿತು. ಸ್ಕ್ರೀನ್‌ಶಾಟ್‌ಗಳನ್ನು ಲಗತ್ತಿಸಿದ್ದೇವೆ.

ಸಲ್ಲಿಕೆಯ ಸಮಯವನ್ನೇ ಆಧಾರವಾಗಿಟ್ಟು ಪೆನಾಲ್ಟಿಯನ್ನು ಮತ್ತೆ ಲೆಕ್ಕ ಹಾಕಿ. ಕ್ಯೂ ಕಟ್ಟಿಕೊಂಡಿದ್ದ ಅವಧಿಯ ‘ರನ್‌ಟೈಮ್ ಎರರ್’ ಸಲ್ಲಿಕೆಗಳನ್ನು ರೀಜಡ್ಜ್ ಮಾಡಿ, ಅಂದರೆ ಮತ್ತೆ ಪರೀಕ್ಷಿಸಿ ತೀರ್ಪು ಕೊಡಿ. ಪ್ರತಿ ಸಲ್ಲಿಕೆ ಬಂದ ಹೊತ್ತು, ತೀರ್ಪಿನ ಹೊತ್ತು ಎರಡೂ ಇರುವ ಪೂರ್ಣ ಲಾಗ್ ನಮಗೆ ಕಳಿಸಿ. ನಾವೂ ತಾಳೆ ನೋಡುತ್ತೇವೆ. ಸೇವೆ ಸಿಗದ ಅವಧಿಯ ಶುಲ್ಕ ವಾಪಸ್ ಮಾಡಿ. ಮುಂದಿನ ಸಲ ರಿಯಾಯಿತಿ ಕೊಡುತ್ತೇವೆಂಬ ಕೂಪನ್ ದಯವಿಟ್ಟು ಬೇಡ.

ಬಹುಮಾನ, ಪ್ರಮಾಣಪತ್ರ ಎರಡನ್ನೂ ತಡೆಹಿಡಿದಿದ್ದೇವೆ. ಮೊದಲ ಮೂರು ಸ್ಥಾನಗಳೇ ಅದಲುಬದಲಾಗುವ ಸಂಭವವಿರುವುದರಿಂದ ಒಂದು ವಾರದೊಳಗೆ ಲಿಖಿತ ಉತ್ತರ ಬೇಕು. ಬಾರದಿದ್ದರೆ ಬಾಕಿ ಬಿಲ್ ಪಾವತಿಸದಂತೆ ವಿಶ್ವವಿದ್ಯಾಲಯದ ಹಣಕಾಸು ವಿಭಾಗಕ್ಕೆ ಬರೆಯುತ್ತೇವೆ.

ಇಂತಿ,
ಸಂಚಾಲಕರು