ಡಿಸೈನ್ ಪಾಠಕ್ಕೆ ನಮ್ಮ ಅಂಕಣದ ಮನೆಗಳೂ ಬರ್ಲಿ

ಮಾನ್ಯ ಸಂಪಾದಕರೇ,

ಆರ್ಕಿಟೆಕ್ಚರ್ ಮೊದಲ ವರ್ಷದ ಮಕ್ಕಳಿಗೆ ಸಾಲಿಡ್, ಸರ್ಫೇಸ್, ಗ್ರಿಡ್ ಅಂತ ಮಾಡೆಲ್ ಮಾಡಿಸಿ ಕಲಿಸ್ತಾರೆ, ಗಟ್ಟಿ ದಿಮ್ಮಿ ಕೊರೆದು ಜಾಗ ಮಾಡೋದು, ತೆಳು ಹಾಳೆ ನಿಲ್ಸಿ ಜಾಗ ಮಾಡೋದು, ಕಂಬ ತೊಲೆ ಜೋಡ್ಸಿ ಜಾಗ ಮಾಡೋದು. ಒಳ್ಳೇ ಪಾಠ. 1950ರ ದಶಕದಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಆರ್ಕಿಟೆಕ್ಟ್ ಜಾನ್ ಹೇಡಕ್ ಮತ್ತವರ ಜೊತೆಗಾರರು ರೂಪಿಸಿದ ಒಂಬತ್ತು ಚೌಕದ ಅಭ್ಯಾಸವನ್ನ, ಅಂದ್ರೆ ಮೂರು ಮೂರರಂತೆ ಮೂರು ಸಾಲು ಚೌಕದ ಗ್ರಿಡ್ ಇಟ್ಕೊಂಡು ಜಾಗ ರೂಪಿಸೋದನ್ನ, ನಮ್ಮಲ್ಲಿ ಟ್ರೇನಿಂಗಿಗೆ ಬರೋ ಹುಡುಗ್ರು ಚೆಂದಾಗಿ ಬಿಡಿಸ್ತಾರೆ, ಆದ್ರೆ ಶಿರಸಿ ಕಡೆ ಹಳೇ ಮನೆ ಜಗುಲಿ ಮೇಲೆ ನಿಂತ್ರೆ ಅಲ್ಲಿರೋ ಗ್ರಿಡ್ ಅವ್ರ ಕಣ್ಣಿಗೆ ಬೀಳೋದೇ ಇಲ್ಲ, ನಂಗೆ ಬೇಜಾರು ಅದೇ.

ಹಳಬರು ಮನೆ ಲೆಕ್ಕ ಹಾಕ್ತಿದ್ದಿದ್ದೇ ಅಂಕಣದಲ್ಲಿ, ಅಂದ್ರೆ ಕಂಬಗಳ ನಡುವಿನ ಒಂದೊಂದು ಜಾಗದ ಲೆಕ್ಕದಲ್ಲಿ. ಕಂಬದಿಂದ ಕಂಬಕ್ಕೆ ಎಷ್ಟು ದೂರ ಅನ್ನೋದನ್ನ ತೊಲೆಗೆ ಸಿಕ್ಕಿದ ಮರ, ಅಟ್ಟದ ಮೇಲೆ ಬೀಳೋ ಭಾರ ಇವೇ ಹೇಳ್ತಿದ್ವು, ಆಮೇಲೆ ಮನೆ ಬೆಳೀಬೇಕಂದ್ರೆ ಇನ್ನೊಂದು ಅಂಕಣ ಸೇರಿಸಿದ್ರಾಯ್ತು. ಸಾಲಿಡ್ ಬೇಕಾ, ಚಿರೆಕಲ್ಲಿನ ದಪ್ಪ ಗೋಡೆ ನೋಡಿ, ಅದ್ರೊಳಗೇ ದೀಪದ ಗೂಡು. ಗೇರುಸೊಪ್ಪೆ ಚತುರ್ಮುಖ ಬಸದಿಗೆ ಹೋದ್ರೆ ನಾಲ್ಕೂ ದಿಕ್ಕಿಗೆ ಬಾಗಿಲು, ಕಲ್ಲಿನ ಘನ ಮತ್ತು ಚೌಕದ ಶಿಸ್ತು ಎರಡೂ ಒಂದೇ ಕಡೆ ಸಿಗುತ್ತೆ. ಭಟ್ಕಳದ ಕೇತಪೈ ನಾರಾಯಣ ದೇವಸ್ಥಾನದಲ್ಲಿ ಮಳೆಗೆ ಅಂತ ಕಲ್ಲಿನ ಚಪ್ಪಡಿಯಲ್ಲೇ ಇಳಿಜಾರು ಮಾಡು ಮಾಡಿದಾರೆ.

ಸರ್ಫೇಸ್ ವಿಷಯಕ್ಕೆ ಬಂದ್ರೆ ನಮ್ಮ ಮಾರಿಕಾಂಬಾ ದೇವಸ್ಥಾನದ ಕಾವಿ ಚಿತ್ರಕ್ಕಿಂತ ಒಳ್ಳೇ ಪಾಠ ಎಲ್ಲಿದೆ ಹೇಳಿ, ಬಿಳೀ ಸುಣ್ಣದ ಗಾರೆ ಮೇಲೆ ಕೆಮ್ಮಣ್ಣಿನ ಪದರ ಕೊಟ್ಟು ಹಸಿ ಇದ್ದಾಗ್ಲೇ ಕೆರೆದು ಕೆಳಗಿನ ಬಿಳಿ ಕಾಣೋ ಹಾಗೆ ಮಾಡ್ತಾರೆ, ಅಂದ್ರೆ ಗೋಡೆ ಮೇಲ್ಮೈಗೂ ಒಂದು ಆಳ ಇದೆ. ಮಾಡೆಲ್ ಮಾಡೋ ದಪ್ಪ ರಟ್ಟಿಗೆ (ಮೌಂಟ್ ಬೋರ್ಡ್) ಬಣ್ಣದ ಕಾಗದ ಅಂಟಿಸೋ ಮಕ್ಕಳಿಗೆ ಇದನ್ನ ಹತ್ರ ನಿಂತು ತೋರಿಸ್ಬೇಕು, ನಂಗಂತೂ ಎಷ್ಟ್ ಸಲ ನೋಡಿದ್ರೂ ಸಾಲಲ್ಲ.

ಈಗ ಊರೂರಲ್ಲೂ ಹಳೇ ಮನೆ ಬಿಚ್ಚಿ ಆರ್‌ಸಿಸಿ ಹಾಕ್ತಿದಾರೆ, ಅದು ಅವರವರ ಅನುಕೂಲ, ಬೇಡ ಅನ್ನೋಕೆ ನಾನ್ಯಾರು. ಆದ್ರೆ ಆರ್ಕಿಟೆಕ್ಚರ್ ಕಾಲೇಜಿನವ್ರು ಮೊದಲ ವರ್ಷದಲ್ಲೇ ಮಕ್ಕಳನ್ನ ಟೇಪು, ಸ್ಕೆಚ್ ಬುಕ್ಕು ಕೊಟ್ಟು ಇತ್ತ ಕಳಿಸ್ಲಿ, ಮನೆಯವ್ರೂ ಹೆಂಚು ಇಳಿಸೋ ಮುಂಚೆ ಅವ್ರಿಗೆ ಒಂದೆರಡು ದಿನ ಒಳಗೆ ಬಂದು ಅಳತೆ ತೆಗ್ಯೋಕೆ ಬಿಡಿ ಅಂತ ಕೈಮುಗಿದು ಕೇಳ್ಕೊಳ್ತೀನಿ.

– ಒಬ್ಬ ಆರ್ಕಿಟೆಕ್ಟ್, ಶಿರಸಿ