ಕೊಟ್ಟಿಗೆಯಲ್ಲಿ ನಿಂತ ಬೈಕಿನ ಬ್ಯಾಟರಿಗೆ ತಿಂಗಳಿಗೊಮ್ಮೆ ಚಾರ್ಜು ಹಾಕಿ

ಮಾನ್ಯ ಸಂಪಾದಕರೇ,

ಮಳೆಗಾಲದಲ್ಲಿ ವಾಹನ ನೋಡಿಕೊಳ್ಳುವ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಈಚೆಗೆ ಬಂದ ಬರಹ ಓದಿದೆ. ಚೈನಿನ ಎಣ್ಣೆ, ಟಯರಿನ ಗಾಳಿ, ಬ್ರೇಕು ಎಲ್ಲದರ ಬಗ್ಗೆಯೂ ಸರಿಯಾಗಿ ಬರೆದಿದ್ದಾರೆ. ಒಂದು ಮಾತಿಗೆ ಮಾತ್ರ ನನ್ನ ತಕರಾರಿದೆ. ನಿಲ್ಲಿಸಿಟ್ಟ ಬೈಕನ್ನು ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿದರೆ ಬ್ಯಾಟರಿಗೆ ಏನೂ ಆಗುವುದಿಲ್ಲ ಎಂದು ಅದರಲ್ಲಿದೆ. ನಾನು ತೀರ್ಥಹಳ್ಳಿಯಲ್ಲಿ ಬ್ಯಾಟರಿ ಅಂಗಡಿ ಇಟ್ಟುಕೊಂಡಿದ್ದೇನೆ. ಆ ಮಾತು ನಂಬಿದವರ ಬ್ಯಾಟರಿಗಳೇ ನನ್ನ ಅಂಗಡಿಗೆ ಸತ್ತು ಬರುತ್ತವೆ.

ನಮ್ಮ ಕಡೆ ಬೈಕು ತಿಂಗಳುಗಟ್ಟಲೆ ನಿಲ್ಲುವುದು ಮಾಮೂಲು. ಆಗುಂಬೆ ನಮ್ಮದೇ ತಾಲ್ಲೂಕು, ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರು. ಆರಿದ್ರಾ ಹಿಡಿಯಿತು ಅಂದರೆ ಒಳಗಿನ ಹಳ್ಳಿಗಳ ಮಣ್ಣಿನ ರಸ್ತೆಯಲ್ಲಿ ಎರಡು ಚಕ್ರ ನಿಲ್ಲುವುದೇ ಕಷ್ಟ. ಬೈಕು ಕೊಟ್ಟಿಗೆ ಸೇರುತ್ತದೆ. ಇನ್ನು ಎಷ್ಟೋ ಮನೆಗಳಲ್ಲಿ ಮಗ ಬೆಂಗಳೂರಿನಲ್ಲಿ, ಬೈಕು ಇಲ್ಲಿ. ಅಪ್ಪ ಅಮ್ಮ ಅದಕ್ಕೆ ಟಾರ್ಪಾಲು ಹೊದೆಸಿ ಜೋಪಾನ ಮಾಡಿರುತ್ತಾರೆ. ಅದು ಹೊರಗೆ ಬರುವುದು ಆಯುಧಪೂಜೆಗೆ. ತೊಳೆದು, ಹೂವು ಹಾಕಿ, ಚಕ್ರದಡಿ ನಿಂಬೆಹಣ್ಣು ಇಟ್ಟು ಸೆಲ್ಫ್ ಒತ್ತಿದರೆ ಟಕ್ ಟಕ್ ಅಂತ ಸದ್ದು ಬರುತ್ತದೆ, ಅಷ್ಟೆ. ಹಬ್ಬ ಮುಗಿದ ಮೇಲೆ ನನ್ನ ಅಂಗಡಿ ಮುಂದೆ ಸಾಲು. ಅದರಲ್ಲಿ ತಗೊಂಡು ವರ್ಷವೂ ಆಗದ ಬ್ಯಾಟರಿಗಳಿರುತ್ತವೆ. ಹೊಸದು ಮಾರಿದರೆ ನನಗೆ ಲಾಭ ನಿಜ. ಆದರೆ ಅಡಿಕೆ ಕೊನೆ ಕೊಯ್ಲಿಗೂ ಮೊದಲು, ಕೈಯಲ್ಲಿ ದುಡ್ಡಿಲ್ಲದ ಹೊತ್ತಿನಲ್ಲಿ, ಬೇಡದ ಖರ್ಚಿಗೆ ಜನ ಜೇಬು ತಡಕುವುದನ್ನು ನೋಡುವುದು ನನಗೆ ಇಷ್ಟವಿಲ್ಲ.

ಬ್ಯಾಟರಿ ಯಾಕೆ ಸಾಯುತ್ತದೆ ಅಂತ ಹೇಳುತ್ತೇನೆ. ಒಳಗೆ ಸೀಸದ ಪ್ಲೇಟುಗಳಿವೆ, ಗಂಧಕದ ಆಸಿಡ್ ಇದೆ. ಚಾರ್ಜು ಇಳಿದಂತೆಲ್ಲ ಪ್ಲೇಟಿನ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಬೇಗ ಚಾರ್ಜು ಹಾಕಿದರೆ ಅದು ಬಿಟ್ಟುಕೊಳ್ಳುತ್ತದೆ. ವಾರಗಟ್ಟಲೆ ಹಾಗೇ ಬಿಟ್ಟರೆ ಹರಳು ಕಟ್ಟಿ ಗಟ್ಟಿಯಾಗುತ್ತದೆ. ಆಮೇಲೆ ಎಷ್ಟು ಚಾರ್ಜು ಹಾಕಿದರೂ ಬ್ಯಾಟರಿ ಏಳುವುದಿಲ್ಲ. ನೀರು ಹಾಕುವ ಹಳೇ ತರದ ಬ್ಯಾಟರಿಯನ್ನು ಬೆಳಕಿಗೆ ಹಿಡಿದು ನೋಡಿ. ಪ್ಲೇಟಿನ ಅಂಚಿನಲ್ಲಿ ಬೂದಿ ಸವರಿದ ಹಾಗೆ ಬಿಳಿ ಪೊರೆ ಕಾಣುತ್ತದೆ. ಅದೇ ಅದು. ಈಗಿನ ಸೀಲ್ಡ್ ಬ್ಯಾಟರಿಯ ಡಬ್ಬಿ ಕಪ್ಪು, ಒಳಗೆ ಏನಾಗಿದೆ ಅಂತ ಯಾರಿಗೂ ಕಾಣುವುದಿಲ್ಲ. ಆಗುವುದು ಮಾತ್ರ ಅದೇ.

ಕೀ ತೆಗೆದ ಮೇಲೆ ಚಾರ್ಜು ಎಲ್ಲಿಗೆ ಹೋಗುತ್ತದೆ ಅಂತ ತುಂಬ ಜನ ಕೇಳುತ್ತಾರೆ. ಬ್ಯಾಟರಿ ಸುಮ್ನೆ ಇಟ್ಟರೂ ತಾನಾಗಿಯೇ ಸ್ವಲ್ಪ ಸ್ವಲ್ಪ ಇಳಿಯುತ್ತದೆ. ಅದರ ಜೊತೆಗೆ ಈಗಿನ ಬೈಕುಗಳಲ್ಲಿ ಮೀಟರಿನ ಗಡಿಯಾರಕ್ಕೆ, ಇಂಜಿನ್ ನಡೆಸುವ ಕಂಪ್ಯೂಟರಿಗೆ ಕೀ ಇಲ್ಲದಾಗಲೂ ಒಂಚೂರು ಕರೆಂಟು ಬೇಕು. ಬರೀ 2 ಮಿಲಿ ಆಂಪಿಯರ್ ಅಂತ ಇಟ್ಟುಕೊಳ್ಳಿ. ದಿನಕ್ಕೆ 24 ಗಂಟೆ, ತಿಂಗಳಿಗೆ 30 ದಿನ, ಲೆಕ್ಕ ಹಾಕಿದರೆ ಸುಮಾರು ಒಂದೂವರೆ ಆಂಪಿಯರ್ ಅವರ್ ಆಯಿತು. ಬ್ಯಾಟರಿಯಲ್ಲಿ ಎಷ್ಟು ಕರೆಂಟು ಹಿಡಿಯುತ್ತದೆ ಅನ್ನುವ ಅಳತೆ ಅದು. ಸಣ್ಣ ಬೈಕಿನ ಬ್ಯಾಟರಿ ಇರುವುದೇ 3 ಅಥವಾ 4 ಆಂಪಿಯರ್ ಅವರ್. ಎರಡು ಮೂರು ತಿಂಗಳಿಗೆ ಖಾಲಿ. ಕಳ್ಳತನದ ಭಯಕ್ಕೆ ಜಿಪಿಎಸ್ ಕೂರಿಸಿದ್ದರೆ ಇನ್ನೂ ಬೇಗ.

ಐದು ನಿಮಿಷ ಸ್ಟಾರ್ಟ್ ಮಾಡಿದರೆ ಇದು ತುಂಬುವುದಿಲ್ಲ. ಸೆಲ್ಫ್ ಮೋಟರು ತಿರುಗುವ ಆ ಒಂದೆರಡು ಸೆಕೆಂಡಿನಲ್ಲಿ ಹತ್ತಾರು ಆಂಪಿಯರ್ ಎಳೆಯುತ್ತದೆ. ಇಂಜಿನ್ ಜೊತೆ ತಿರುಗಿ ಬ್ಯಾಟರಿ ತುಂಬಿಸುವುದು ಮ್ಯಾಗ್ನೆಟ್, ಇಂಜಿನ್ ಸ್ಲೋನಲ್ಲಿ ಇದ್ದಾಗ ಅದು ಕೊಡುವ ಕರೆಂಟು ಕಡಿಮೆ. 2017ರ ಏಪ್ರಿಲ್‌ನಿಂದ ಬಂದ ಬೈಕುಗಳಲ್ಲಿ ಹೆಡ್‌ಲೈಟು ಆರಿಸಲು ಸ್ವಿಚ್ಚೇ ಇಲ್ಲ, ಅದೂ ಉರಿಯುತ್ತಿರುತ್ತದೆ. ಸ್ಟಾರ್ಟಿಗೆ ಹೋದದ್ದು ವಾಪಸು ಬಂದರೆ ಅದೇ ಹೆಚ್ಚು. ಇಳಿದ ಬ್ಯಾಟರಿ ಪೂರ್ತಿ ತುಂಬಲು ಗಂಟೆಗಟ್ಟಲೆ ಬೇಕು. ಅರೆಹೊಟ್ಟೆಯಲ್ಲೇ ಅದು ಮಳೆಗಾಲ ಕಳೆಯುತ್ತದೆ, ಪ್ಲೇಟಿಗೆ ಸಲ್ಫೇಟ್ ಹಿಡಿಯುತ್ತದೆ. ಇಂಜಿನ್ನೂ ಸರಿಯಾಗಿ ಬಿಸಿಯಾಗದೆ ಸೈಲೆನ್ಸರ್ ಒಳಗೆ ನೀರು ನಿಂತು ತುಕ್ಕು ಬೇರೆ.

ಮೊದಲಾದರೆ ಕಿಕ್ಕರ್ ಇತ್ತು, ಕಾರ್ಬ್ಯುರೇಟರ್ ಇತ್ತು. ಬ್ಯಾಟರಿ ಹೋದರೂ ಹಾರಿ ಒಂದು ಕಿಕ್ ಹೊಡೆದರೆ ಹೊರಡುತ್ತಿತ್ತು. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಎಂಬ ಹೊಗೆ ನಿಯಮ ಬಂದ ಮೇಲೆ ಹೊಸ ಬೈಕುಗಳೆಲ್ಲ ಹೆಚ್ಚುಕಮ್ಮಿ ಫ್ಯುಯಲ್ ಇಂಜೆಕ್ಷನ್, ಅಂದರೆ ಪೆಟ್ರೋಲನ್ನು ಕಂಪ್ಯೂಟರು ಅಳೆದು ಚಿಮ್ಮಿಸುವ ತರದವು. ಪೆಟ್ರೋಲ್ ಪಂಪಿಗೇ ಕರೆಂಟು ಬೇಕು. ಕಿಕ್ಕರ್ ಇಲ್ಲದ ಬೈಕೇ ಜಾಸ್ತಿ ಆಗುತ್ತಿವೆ. ಬ್ಯಾಟರಿ ಪೂರ್ತಿ ಸತ್ತಿದ್ದರೆ ತಳ್ಳಿಕೊಂಡು ಹೋದರೂ ಸ್ಟಾರ್ಟ್ ಆಗುವುದಿಲ್ಲ. ಟಾರು ರಸ್ತೆಗೆ ನಾಲ್ಕೈದು ಕಿಲೋಮೀಟರು ಇರುವ ಒಂಟಿ ಮನೆಯಲ್ಲಿ ರಾತ್ರಿ ಯಾರಿಗಾದರೂ ಉಬ್ಬಸ ಹೆಚ್ಚಾದರೆ, ಹಾವು ಕಚ್ಚಿದರೆ, ಮೊದಲು ಓಡುವುದು ಆ ಬೈಕಿನ ಹತ್ತಿರವೇ ಅಲ್ವಾ? ಈ ವಿಷಯಕ್ಕೆ ಪತ್ರ ಬರೆಯುವಷ್ಟು ನನಗೆ ಕಾಳಜಿ ಇರುವುದು ಅದಕ್ಕೆ.

ಮಾಡಬೇಕಾದ್ದು ಸುಲಭ. ಬೈಕು ನಿಲ್ಲಿಸುವ ಮೊದಲು ಬ್ಯಾಟರಿ ಬಿಚ್ಚಿ ಮನೆಯೊಳಗೆ ತನ್ನಿ. ಕಪ್ಪು ವಯರು, ಅಂದರೆ ಮೈನಸ್, ಮೊದಲು ಬಿಚ್ಚಬೇಕು. ಕೆಂಪನ್ನು ಮೊದಲು ಬಿಚ್ಚಲು ಹೋಗಿ ಸ್ಪ್ಯಾನರ್ ಬೈಕಿನ ಬಾಡಿಗೆ ತಾಗಿದರೆ ಕಿಡಿ ಹಾರುತ್ತದೆ. ವಾಪಸು ಕೂರಿಸುವಾಗ ಕೆಂಪು ಮೊದಲು, ಕಪ್ಪು ಆಮೇಲೆ. ಬಿಚ್ಚಲು ಆಗದಿದ್ದರೆ ಕಪ್ಪು ವಯರು ಒಂದನ್ನಾದರೂ ತೆಗೆದಿಡಿ. ಆಗ ಬೈಕು ಕುಡಿಯುವ ಕರೆಂಟಾದರೂ ಉಳಿಯುತ್ತದೆ.

ತಿಂಗಳಿಗೊಮ್ಮೆ ಚಾರ್ಜು ಹಾಕಿ. ಬ್ಯಾಟರಿಯ ಮೇಲೆ ಬರೆದ ಆಂಪಿಯರ್ ಅವರ್‌ನ ಹತ್ತನೇ ಒಂದು ಪಾಲು ಕರೆಂಟು ಸಾಕು. 4 ಇದ್ದರೆ 0.4 ಆಂಪಿಯರ್, 8 ಇದ್ದರೆ 0.8. ತುಂಬಿದ ಮೇಲೆ ತಾನೇ ನಿಲ್ಲಿಸುವ ಅಥವಾ ಕರೆಂಟು ಇಳಿಸುವ ಬೈಕಿನ ಚಾರ್ಜರೇ ತಗೊಳ್ಳಿ. ಕಾರು, ಟ್ರ್ಯಾಕ್ಟರಿನ ಚಾರ್ಜರು ಬೇಡ. ಮನೆಯ ಇನ್ವರ್ಟರ್ ಬ್ಯಾಟರಿಯಿಂದ ವಯರು ಎಳೆಯುವುದಂತೂ ಬೇಡವೇ ಬೇಡ. ಜಾಸ್ತಿ ಕರೆಂಟು ನುಗ್ಗಿದರೆ ಸಣ್ಣ ಬ್ಯಾಟರಿ ಕಾದು ಊದಿಕೊಳ್ಳುತ್ತದೆ. ಸೀಲ್ಡ್ ಆದ್ದರಿಂದ ಒಳಗಿನ ನೀರು ಆವಿಯಾದರೆ ಮತ್ತೆ ಹಾಕುವ ದಾರಿಯಿಲ್ಲ. ಬ್ಯಾಟರಿ ಲಿಥಿಯಂ ಆಗಿದ್ದರೆ ಅದರದ್ದೇ ಚಾರ್ಜರು ಬೇಕು. ಚಾರ್ಜು ಆಗುವಾಗ ಹೊತ್ತಿಕೊಳ್ಳುವ ಗ್ಯಾಸು ಬರುತ್ತದೆ, ಹಾಗಾಗಿ ಬಚ್ಚಲೊಲೆ, ದೇವರ ದೀಪದ ಹತ್ತಿರ ಇಡಬೇಡಿ. ಗಾಳಿಯಾಡುವ ಜಗಲಿ ಒಳ್ಳೆಯದು. ಮಳೆಗಾಲದಲ್ಲಿ ಮರ ಬಿದ್ದು ಎರಡು ಮೂರು ದಿನ ಕರೆಂಟೇ ಇರುವುದಿಲ್ಲ, ಏನು ಮಾಡುವುದು ಅನ್ನುತ್ತೀರಿ. ಒಂದೇ ಸಮ ಹಾಕಬೇಕೆಂದಿಲ್ಲ. ಬಂದಾಗ ಹಾಕಿ, ಹೋದರೆ ಬಂದ ಮೇಲೆ ಮುಂದುವರಿಸಿ.

ಬ್ಯಾಟರಿಯನ್ನು ಸಿಮೆಂಟು ನೆಲದ ಮೇಲೆ ಇಟ್ಟರೆ ಚಾರ್ಜು ನೆಲಕ್ಕೆ ಇಳಿಯುತ್ತದೆ ಎಂದು ಹಿರಿಯರು ಹೇಳುತ್ತಾರೆ. ಈಗಿನ ಪ್ಲಾಸ್ಟಿಕ್ ಡಬ್ಬಿಗೆ ಆ ಭಯವಿಲ್ಲ.

ಕೆಲವೇ ನೂರು ರೂಪಾಯಿಗೆ ಡಿಜಿಟಲ್ ಮೀಟರು ಸಿಗುತ್ತದೆ. ಚಾರ್ಜು ಹಾಕಿ ಕೆಲವು ಗಂಟೆ ಬಿಟ್ಟು ನೋಡಿ. 12.7 ವೋಲ್ಟ್ ಆಸುಪಾಸು ಇದ್ದರೆ ತುಂಬಿದೆ. 12.4ಕ್ಕೆ ಇಳಿದರೆ ಚಾರ್ಜಿಗೆ ಹಾಕುವ ಹೊತ್ತು ಬಂತು. 12ಕ್ಕಿಂತ ಕೆಳಗೆ ಹೋದ ಬ್ಯಾಟರಿಯನ್ನು ನಾಳೆ ನೋಡೋಣ ಅನ್ನಬೇಡಿ.

ನನ್ನ ಅಕ್ಕನ ಮಗ ಕೆನಡಾದಲ್ಲಿದ್ದಾನೆ. ಅಲ್ಲಿ ಹಿಮ ಬೀಳುವ ತಿಂಗಳುಗಳಲ್ಲಿ ಬೈಕು ಹೊರಗೆ ತೆಗೆಯುವುದಿಲ್ಲ. ಬ್ಯಾಟರಿ ಬಿಚ್ಚಿ ಸಣ್ಣ ಚಾರ್ಜರಿಗೆ ಸಿಕ್ಕಿಸಿ ಇಡುವುದು ಅಲ್ಲಿನವರಿಗೆ ರೂಢಿ. ಚಾರ್ಜಿಲ್ಲದ ಬ್ಯಾಟರಿಯಲ್ಲಿ ಆಸಿಡ್ ತೆಳುವಾಗಿ ನೀರಿನಂತಾಗಿರುತ್ತದೆ, ಆ ಚಳಿಗೆ ಹೆಪ್ಪುಗಟ್ಟಿ ಡಬ್ಬಿಯೇ ಸೀಳುತ್ತದಂತೆ. ನಮಗೆ ಹಿಮವಿಲ್ಲ. ಆದರೆ ಬೈಕು ನಿಲ್ಲುವ ಕಾಲ ಕಡಿಮೆಯೇನಲ್ಲ.

ಬೈಕು ಮಾರುವವರಿಗೆ ನನ್ನದೊಂದು ಕೋರಿಕೆ. ನಿಲ್ಲಿಸಿಟ್ಟ ಬೈಕಿನ ಬ್ಯಾಟರಿಗೆ ಆಗಾಗ ಚಾರ್ಜು ಹಾಕಿ ಎಂದು ಬೈಕಿನ ಜೊತೆ ಕೊಡುವ ಪುಸ್ತಕಗಳಲ್ಲಿ ಬರೆದಿರುತ್ತದೆ. ಅದು ಇಂಗ್ಲಿಷಿನಲ್ಲಿ, ಎಲ್ಲೋ ಕೊನೆಯ ಪುಟಗಳಲ್ಲಿ. ವಾರಂಟಿ ಕೇಳಲು ಹೋದಾಗ ಮಾತ್ರ ಅದೇ ಸಾಲು ತೋರಿಸಿ ಆಗುವುದಿಲ್ಲ ಅನ್ನುತ್ತಾರೆ. ಮಲೆನಾಡಿನಲ್ಲಿ ಬೈಕು ಕೊಡುವಾಗಲೇ ಕನ್ನಡದಲ್ಲಿ ಒಂದು ಹಾಳೆ ಕೊಡಿ, ಬಾಯಲ್ಲೂ ಹೇಳಿ. ಸೀಟು ಬಿಚ್ಚದೆ ಚಾರ್ಜರ್ ಸಿಕ್ಕಿಸುವ ಹಾಗೆ ಒಂದು ವಯರನ್ನು ಹೊರಗೆ ಬಿಟ್ಟು ಕೊಡಿ, ಅದಕ್ಕೆ ದೊಡ್ಡ ಖರ್ಚಿಲ್ಲ. ಸರ್ವಿಸ್ ಸೆಂಟರಿನವರು ಇಳಿದ ಬ್ಯಾಟರಿ ಬಂದ ಕೂಡಲೇ ಹೊಸದು ಹಾಕಿಸಿ ಅನ್ನುವ ಮೊದಲು ಒಂದು ರಾತ್ರಿ ನಿಧಾನಕ್ಕೆ ಚಾರ್ಜಿಗೆ ಹಾಕಿ, ಬೆಳಿಗ್ಗೆ ಲೋಡ್ ಕೊಟ್ಟು, ಅಂದರೆ ಜೋರಾಗಿ ಕರೆಂಟು ಎಳೆದು, ಪರೀಕ್ಷೆ ಮಾಡಲಿ. ಏಳುವ ಬ್ಯಾಟರಿಗಳು ಎಷ್ಟೋ ಇರುತ್ತವೆ.

ಬ್ಯಾಟರಿ ಅಂಗಡಿಯವ, ತೀರ್ಥಹಳ್ಳಿ